ಸೂಜಿ ಚುಚ್ಚಿತೇ? ತಡ ಮಾಡಬೇಡಿ

ಬಳಸಿದ ಸೂಜಿ ಚುಚ್ಚುವುದು ದಾದಿಯರಿಗೆ ಮಾತ್ರವಲ್ಲ. ಕಸ ಎತ್ತುವವರಿಗೂ, ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರ ಮಕ್ಕಳಿಗೂ ಚುಚ್ಚಬಹುದು. ಗಾಯ ಸಾಸಿವೆ ಕಾಳಿನಷ್ಟೂ ಇರುವುದಿಲ್ಲ. ಆದ್ದರಿಂದಲೇ ಅನೇಕರು ಯಾರಿಗೂ ಹೇಳದೆ ಸುಮ್ಮನಿದ್ದುಬಿಡುತ್ತಾರೆ. ಅಪಾಯವಿರುವುದು ಇಲ್ಲಿಯೇ.

ಎಲ್ಲರೂ ಹೆದರುವುದು ಏಡ್ಸ್‌ಗೆ. ಆದರೆ ಸೂಜಿಯಲ್ಲಿದ್ದ ರಕ್ತದಲ್ಲಿ ಎಚ್.ಐ.ವಿ. ಇದ್ದರೂ ಸೋಂಕು ತಗಲುವ ಸಂಭವ ಸಾವಿರಕ್ಕೆ ಸುಮಾರು 3 ಮಾತ್ರ. ಹೆಪಟೈಟಿಸ್-ಬಿ ಕಾಮಾಲೆಯದು ಹಾಗಲ್ಲ. ಲಸಿಕೆ ಪಡೆಯದವರಲ್ಲಿ ಅದು ನೂರಕ್ಕೆ 30ರಷ್ಟಿರಬಹುದು.

ಮೊದಲು ಮಾಡಬೇಕಾದದ್ದು

ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಹಿಂಡಬೇಡಿ, ಬೆರಳನ್ನು ಬಾಯಿಗಿಡಬೇಡಿ. ಸುಣ್ಣ, ಅರಿಶಿನ, ಬ್ಲೀಚಿಂಗ್ ಪುಡಿ ಯಾವುದೂ ಬೇಡ.

ಅನಂತರ

ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಚನ್ನರಾಯಪಟ್ಟಣದವರು ದೇವನಹಳ್ಳಿಗೆ ಹೋಗಲು ಬೆಳಗಾಗಲೆಂದು ಕಾಯಬಾರದು. ಎಚ್.ಐ.ವಿ. ತಡೆಯುವ ಮಾತ್ರೆಯನ್ನು 2 ಗಂಟೆಯೊಳಗೆ ಆರಂಭಿಸಿದರೆ ಉತ್ತಮ. 72 ಗಂಟೆ ಕಳೆದರೆ ಪ್ರಯೋಜನವಿಲ್ಲ. ವೈದ್ಯರು ಬೇಕೆಂದರೆ 28 ದಿನ ತಪ್ಪದೆ ನುಂಗಬೇಕು. ಹೆಪಟೈಟಿಸ್-ಬಿ ಲಸಿಕೆ ಆಗಿಲ್ಲದಿದ್ದರೆ ಅದನ್ನೂ, ಅಗತ್ಯವಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಅನ್ನೂ 24 ಗಂಟೆಯೊಳಗೆ ಪಡೆಯುವುದು ಒಳ್ಳೆಯದು. ಹೆಪಟೈಟಿಸ್-ಸಿ ತಡೆಗೆ ಲಸಿಕೆಯಿಲ್ಲ. ಪರೀಕ್ಷೆಯಲ್ಲಿ ಕಂಡುಬಂದರೆ ಮಾತ್ರೆಗಳಿಂದ ಗುಣಪಡಿಸಬಹುದು.

ರಕ್ತಪರೀಕ್ಷೆ ಅಂದೇ ಒಮ್ಮೆ, ವೈದ್ಯರು ಹೇಳಿದಂತೆ ಮುಂದಿನ ತಿಂಗಳುಗಳಲ್ಲಿ ಮತ್ತೆ ಆಗಬೇಕು. ಅಲ್ಲಿಯವರೆಗೆ ರಕ್ತದಾನ ಬೇಡ, ದಾಂಪತ್ಯದಲ್ಲಿ ನಿರೋಧ್ ಬಳಸಿ. ಸಂಶಯವಿದ್ದರೆ 1097ಕ್ಕೆ ಉಚಿತವಾಗಿ ದೂರವಾಣಿ ಮಾಡಿ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ. ಮನೆಯಲ್ಲಾದರೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ಆಸ್ಪತ್ರೆಗೆ ಒಪ್ಪಿಸಿ. ತಿಪ್ಪೆಗೆ ಎಸೆದ ಸೂಜಿ ಚುಚ್ಚುವುದು ಇನ್ನೊಬ್ಬರ ಮಗುವಿಗೆ.