ತೆಂಗಿನ ಸೀಮೆಯ ಡಾಡ್ಜ್

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ಹಾದಿಯಲ್ಲಾಗಲಿ ಚಿಕ್ಕನಾಯಕನಹಳ್ಳಿಯತ್ತ ತಿರುಗುವ ಹಾದಿಯಲ್ಲಾಗಲಿ, ಇಕ್ಕೆಲದ ತೋಟಗಳ ನೆರಳು ರಸ್ತೆಯ ನಡುವೆ ಬಂದು ಕೂಡಿಕೊಳ್ಳುವ ಈ ತೆಂಗಿನ ಸೀಮೆಯಲ್ಲಿ, ಅರುವತ್ತು ವರ್ಷಗಳ ಹಿಂದೆ ಬಾಲ್ಯವನ್ನು ಕಳೆದ ಯಾರನ್ನಾದರೂ ಲಾರಿಯೆಂದರೆ ಯಾವ ರೂಪ ಕಣ್ಣಿಗೆ ಕಟ್ಟುವುದೆಂದು ಕೇಳಿ ನೋಡಿ. ಇಂಜಿನನ್ನು ಉದ್ದನೆಯ ಮೂಗಿನೊಳಗೆ ಅಡಗಿಸಿಕೊಂಡು, ಕೆನ್ನೆಗಳಂತೆ ಉಬ್ಬಿದ ಎರಡು ಮಡ್‌ಗಾರ್ಡುಗಳನ್ನು ಅತ್ತಿತ್ತ ಚಾಚಿ, ಮರದ ಬಾಡಿಯ ತುಂಬ ಗೋಣಿಚೀಲಗಳನ್ನು ಹೊತ್ತು ಮಂಡಿಯ ಮುಂದೆ ನಿಂತಿರುತ್ತಿದ್ದ ಹಳೆಯ ಲಾರಿಯೊಂದನ್ನು ಅವರು ವರ್ಣಿಸದೆ ಇರಲಾರರು. ಆ ಮೂಗಿನ ಮೇಲೆ ಕೆಲವಕ್ಕೆ ಡಾಡ್ಜ್ ಎಂದೂ ಕೆಲವಕ್ಕೆ ಫಾರ್ಗೋ ಎಂದೂ ಹೆಸರಿರುತ್ತಿತ್ತು. ಹೆಸರು ಎರಡಾದರೂ ಮನೆತನ ಒಂದೇ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿ, ನಮ್ಮ ಮೈಸೂರು ಸಂಸ್ಥಾನದಲ್ಲಿ ನೆಲೆಗೊಳ್ಳುವ ಯೋಗ ಕೂಡಿಬಂದು ತಪ್ಪಿಹೋಗಿ, ಕಡೆಗೆ ಮುಂಬಯಿಯ ಮಾರ್ಗವಾಗಿ ನಮ್ಮ ಕೊಬ್ಬರಿಯ ಚೀಲಗಳನ್ನು ಹೊರಲು ಬಂದ ಆ ಮನೆತನದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಕೊಬ್ಬರಿ ಸಿದ್ಧವಾಗುವ ಬಗೆಯನ್ನು ಕಾಣದವರಿಗೆ, ಈ ಸೀಮೆಯವರು ವಾಹನದ ನೆಚ್ಚಿಕೆಯನ್ನು ಅಷ್ಟು ದೊಡ್ಡದಾಗಿ ಏಕೆ ಎಣಿಸಿದರೆಂಬುದು ತಿಳಿಯುವುದು ಕಷ್ಟ. ಕರಾವಳಿಯಲ್ಲಿ ಕಾಯಿಯನ್ನು ಒಡೆದು ಬಿಸಿಲಿಗೆ ಹಾಕಿ ಕೆಲವೇ ದಿನಗಳಲ್ಲಿ ಒಣಗಿಸುತ್ತಾರೆ. ನಮ್ಮಲ್ಲಿ ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳ ಕಾಲ ಅದರ ಪಾಡಿಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದ ಹಿಡಿತವನ್ನು ಬಿಟ್ಟು, ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಗುಂಡೊಂದು ಉರುಳಿದಂತೆ ಸದ್ದಾದಾಗ, ಸುಲಿದು, ಕರಟವನ್ನು ಹುಷಾರಾಗಿ ಒಡೆದು, ಉಂಡೆ ಕೊಬ್ಬರಿಯನ್ನು ಇಡಿಯಾಗಿ ಹೊರತೆಗೆಯುತ್ತಾರೆ. ಉತ್ತರ ಹಿಂದೂಸ್ಥಾನದ ಮದುವೆಗಳಿಗೂ ಹಬ್ಬಗಳಿಗೂ ಬೇಕಾಗುವುದು ಈ ಇಡೀ ಉಂಡೆ. ಅದರಿಂದಲೇ ತಿಪಟೂರಿನ ಮಾರುಕಟ್ಟೆಯ ಹೆಸರು ದಿಲ್ಲಿಯವರೆಗೂ ಹಬ್ಬಿತು. ಒಂದು ವರ್ಷದ ಕಾಯುವಿಕೆ ಒಂದು ಚೀಲದೊಳಗೆ ಕೂತಿರುವಾಗ, ದಾರಿಯಲ್ಲಿ ಕೆಟ್ಟು ನಿಂತ ಲಾರಿಯ ಮೇಲೆ ಒಂದು ರಾತ್ರಿಯ ಮಳೆ ಹೊಯ್ದರೆ ಸಾಕು, ಬೂಷ್ಟು ಹಿಡಿದ ಕೊಬ್ಬರಿಯನ್ನು ಮಂಡಿಯವರು ಮೂಸಿ ಬದಿಗಿಡುವರು.

ಹತ್ತೊಂಬತ್ತನೆಯ ಶತಮಾನದ ಕಡೆಗಾಲದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ಹಾಸಿದ ರೈಲುಹಾದಿ ತಿಪಟೂರಿಗೆ ಭಾಗ್ಯವನ್ನು ತಂದಿತಾದರೂ, ತುರುವೇಕೆರೆ ಪಟ್ಟಣವೂ ಚಿಕ್ಕನಾಯಕನಹಳ್ಳಿ ಪಟ್ಟಣವೂ ಆ ಹಾದಿಯಿಂದ ದೂರವೇ ಉಳಿದುವು. ಎತ್ತಿನ ಗಾಡಿಗಳು ರಾತ್ರಿಯೆಲ್ಲ ನಡೆದು ಬೆಳಗಿನ ಜಾವಕ್ಕೆ ಮಂಡಿಯನ್ನು ಮುಟ್ಟುತ್ತಿದ್ದ ಆ ಕಾಲದಿಂದ, ಮೋಟಾರಿನ ಕಾಲಕ್ಕೆ ಸೀಮೆ ಕಾಲಿಟ್ಟುದು ಎರಡನೆಯ ಮಹಾಯುದ್ಧದ ಆಚೀಚೆಗೆ.

ನನ್ನ ಬಾಲ್ಯದ ಒಂದು ಸಂಜೆ ಈಗಲೂ ಮಾಸದೆ ಉಳಿದಿದೆ. ಆಷಾಢದ ಮೋಡ ಕವಿದಿತ್ತು. ಹಟ್ಟಿಯ ಮುಂದೆ ಚೀಲಗಳನ್ನು ತುಂಬಿ, ಟಾರ್ಪಾಲನ್ನು ಹೊದಿಸಿ, ಕ್ಲೀನರ್ ಹುಡುಗ ಹಗ್ಗವನ್ನು ಬಿಗಿಯುತ್ತಿದ್ದನು. ನಮ್ಮ ಅಜ್ಜ ಆಕಾಶವನ್ನೊಮ್ಮೆ ಲಾರಿಯನ್ನೊಮ್ಮೆ ನೋಡಿ, “ಏನ್ ಸಾಬ್ರೇ, ಮಳೆ ಬರೋ ಹಂಗೈತೆ, ಗಾಡಿ ಎಲ್ಲೂ ಕೈ ಕೊಡಾಕಿಲ್ಲ ತಾನೆ?” ಎಂದು ಕೇಳಿದರು. ಡ್ರೈವರ್ ಸಾಬರು ಬಾನೆಟ್ಟಿನ ಮೇಲೆ, ಎತ್ತಿನ ಬೆನ್ನು ತಟ್ಟುವಂತೆ, ಅಂಗೈಯಿಟ್ಟು, “ಡಾಡ್ಜ್ ಗಾಡಿ ಗೌಡ್ರೇ. ನಾವ್ ಅದಕ್ಕೆ ಕೈ ಕೊಡದಿದ್ರೆ, ಅದು ನಮಗೆ ಕೊಡಾಕಿಲ್ಲ” ಎಂದರು. ಅಜ್ಜ ಮತ್ತೇನೂ ಕೇಳದೆ ಜಗಲಿಯ ಮೇಲೆ ಹೋಗಿ ಕೂತರು. ಆ ಮಾತಿನ ಹಿಂದೆ ಸಾಗರದಾಚೆಯ ಎಷ್ಟು ವರ್ಷಗಳ ದುಡಿಮೆಯಿತ್ತೆಂಬುದನ್ನು ನಾನು ಅರಿತುದು ಬಹುಕಾಲದ ಮೇಲೆ.

ಜಾನ್ ಡಾಡ್ಜ್ ಹುಟ್ಟಿದುದು 1864ರಲ್ಲಿ. ತಮ್ಮ ಹೊರೇಸ್ 1868ರಲ್ಲಿ. ಮಿಷಿಗನ್ ಸಂಸ್ಥಾನದ ನೈಲ್ಸ್ ಎಂಬ ಸಣ್ಣ ಊರಿನವರು. ಅಣ್ಣನಿಗೆ ವ್ಯವಹಾರದ ಜಾಣ್ಮೆ, ತಮ್ಮನಿಗೆ ಯಂತ್ರದ ಜಾಣ್ಮೆ. ಧೂಳು ಹೊಗದಂಥ ಬಾಲ್ ಬೇರಿಂಗೊಂದನ್ನು ಕಲ್ಪಿಸಿ ಹೊರೇಸನು ಪೇಟೆಂಟನ್ನು ಪಡೆದಿದ್ದನು. ಮೊದಲು ಸೈಕಲ್ಲುಗಳನ್ನು ಮಾಡಿ, ಅನಂತರ ಡೆಟ್ರಾಯಿಟಿನಲ್ಲಿ ಯಂತ್ರಶಾಲೆಯನ್ನು ತೆರೆದು, ಬೇರೆಯವರ ಮೋಟಾರುಗಳಿಗೆ ಗೇರುಪೆಟ್ಟಿಗೆಗಳನ್ನು ಒದಗಿಸುತ್ತಿದ್ದ ಈ ಸಹೋದರರ ಬಳಿಗೆ 1903ರಲ್ಲಿ ಬಂದವನು, ಕೈಯಲ್ಲಿ ಹಣ ಕಡಮೆಯಾಗಿದ್ದ ಹೆನ್ರಿ ಫೋರ್ಡ್. ಫೋರ್ಡ್ ಕಂಪನಿಯ ಮೊತ್ತಮೊದಲ ಕಾರುಗಳ ಇಂಜಿನು, ಗೇರು, ಆಕ್ಸಲ್ಲುಗಳನ್ನೆಲ್ಲ ಮಾಡಿಕೊಟ್ಟವರು ಡಾಡ್ಜ್ ಸಹೋದರರು. ಅದಕ್ಕೆ ಪ್ರತಿಯಾಗಿ ಕಂಪನಿಯ ಹತ್ತನೆಯ ಒಂದು ಪಾಲು ಅವರದಾಯಿತು. ಫೋರ್ಡನ ಕೀರ್ತಿಯನ್ನು ಜಗತ್ತೆಲ್ಲ ಹಾಡಿದೆ. ಆ ಕೀರ್ತಿಗೆ ಅಡಿಗಲ್ಲಿಟ್ಟ ಕೈಗಳನ್ನು ಅಷ್ಟಾಗಿ ನೆನೆಯದಿರುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಹತ್ತು ವರ್ಷ ಇನ್ನೊಬ್ಬನ ಹೆಸರಿಗಾಗಿ ದುಡಿದ ಮೇಲೆ, 1914ರ ನವೆಂಬರ್ ತಿಂಗಳಿನಲ್ಲಿ ಸಹೋದರರು ತಮ್ಮ ಹೆಸರಿನ ಕಾರನ್ನು ಹೊರತಂದರು. ಫೋರ್ಡನ ಟಿ ಮಾದರಿಗೆ ಇಪ್ಪತ್ತು ಅಶ್ವಶಕ್ತಿ, ಇದಕ್ಕೆ ಮೂವತ್ತೈದು. ಮರದ ಚೌಕಟ್ಟಿಗೆ ಹೊದಿಕೆ ಹೊದಿಸುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಇದರ ಮೈಯೆಲ್ಲ ಉಕ್ಕು. ಬೆಲೆ 785 ಡಾಲರು, ಫೋರ್ಡಿಗಿಂತ ಹೆಚ್ಚೇ. ಆದರೂ ಮೊದಲ ಪೂರ್ಣ ವರ್ಷದಲ್ಲಿಯೇ 45,000ದಷ್ಟು ಕಾರುಗಳು ಮಾರಾಟವಾದುವು. ಇದರ ನಡುವೆ, ತಮಗೆ ಬರಬೇಕಾದ ಲಾಭಾಂಶವನ್ನು ಫೋರ್ಡ್ ತಡೆಹಿಡಿದಾಗ ಸಹೋದರರು 1916ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 1919ರಲ್ಲಿ ಮಿಷಿಗನ್ನಿನ ಶ್ರೇಷ್ಠ ನ್ಯಾಯಾಲಯವು ಲಾಭಾಂಶವನ್ನು ಕೊಡಲೇಬೇಕೆಂದು ವಿಧಿಸಿತು. ಇಂದಿಗೂ ಕಂಪನಿ ಕಾನೂನನ್ನು ಓದುವ ವಿದ್ಯಾರ್ಥಿಗಳು ಮೊದಲಾಗಿ ಕಲಿಯುವ ವ್ಯಾಜ್ಯಗಳಲ್ಲಿ ಅದೂ ಒಂದು. ಅದೇ ವರ್ಷ ತಮ್ಮ ಪಾಲನ್ನು ಎರಡೂವರೆ ಕೋಟಿ ಡಾಲರುಗಳಿಗೆ ಮಾರಿ, ಅಣ್ಣತಮ್ಮಂದಿರು ಫೋರ್ಡನ ಋಣವನ್ನು ಹರಿದುಕೊಂಡರು.

ಆದರೆ ಹೆಸರಿಗೆ ಬೆಲೆ ಬಂದುದು ಹಣದಿಂದಾಗಲಿ ವ್ಯಾಜ್ಯದಿಂದಾಗಲಿ ಆಗಲಿಲ್ಲ, ಕೆಟ್ಟ ದಾರಿಗಳಿಂದ ಆಯಿತು. 1916ರಲ್ಲಿ ಅಮೆರಿಕದ ಸೈನ್ಯ ಮೆಕ್ಸಿಕೋದ ಮರುಭೂಮಿಯನ್ನು ಹೊಕ್ಕಾಗ, ಮುಂದೆ ಮಹಾಸೇನಾನಿಯೆಂದು ಹೆಸರಾಗಲಿದ್ದ ಪ್ಯಾಟನ್ ಎಂಬ ತರುಣ ಲೆಫ್ಟಿನೆಂಟ್ ಮೂರು ಡಾಡ್ಜ್ ಕಾರುಗಳಲ್ಲಿ ತನ್ನ ಜನರನ್ನು ಕೂಡಿಸಿಕೊಂಡು ಶತ್ರುವಿನ ಮನೆಯ ಮೇಲೆ ಏರಿಹೋದನು. ಆ ಸೈನ್ಯವು ಮೋಟಾರಿನಲ್ಲಿ ಹೋಗಿ ಮಾಡಿದ ಮೊದಲ ದಾಳಿ ಅದೆಂದು ಹೇಳುತ್ತಾರೆ. ಕಂಪನಿಯ ಜಾಹೀರಾತುಗಳು ವೇಗವನ್ನೂ ವೈಭವವನ್ನೂ ಬಿಟ್ಟು ನೆಚ್ಚಿಕೆಯೆಂಬ ಒಂದೇ ಗುಣವನ್ನು ಮತ್ತೆ ಮತ್ತೆ ಸಾರಿದುವು. ಸಹೋದರರಿಗೆ ಆ ಯಶಸ್ಸನ್ನು ಅನುಭವಿಸುವ ಆಯುಸ್ಸು ಇರಲಿಲ್ಲ. 1920ರ ಜನವರಿಯಲ್ಲಿ ಜಾನ್ ಇನ್‌ಫ್ಲುಯೆಂಜಾ ಜ್ವರಕ್ಕೆ ತುತ್ತಾದನು. ಅಣ್ಣನನ್ನು ಅಗಲಿದ ಹೊರೇಸ್ ಅದೇ ಡಿಸೆಂಬರಿನಲ್ಲಿ ಕಣ್ಮುಚ್ಚಿದನು. ಅವರ ಪತ್ನಿಯರು 1925ರಲ್ಲಿ ಕಂಪನಿಯನ್ನು 14 ಕೋಟಿ 60 ಲಕ್ಷ ಡಾಲರುಗಳಿಗೆ ಮಾರಿದರು. ಮೂರು ವರ್ಷಗಳ ತರುವಾಯ, ರೈಲ್ವೆ ಕಾರ್ಖಾನೆಯ ಕೆಲಸಗಾರನಾಗಿ ಬದುಕನ್ನು ಆರಂಭಿಸಿ ಮೇಲೇರಿದ್ದ ವಾಲ್ಟರ್ ಕ್ರೈಸ್ಲರ್ ಅದನ್ನು ಕೊಂಡನು. ಕ್ರೈಸ್ಲರ್ ಕಂಪನಿ ಫಾರ್ಗೋ ಎಂಬ ಹೆಸರಿನ ಲಾರಿಗಳನ್ನು ಹೊರತಂದುದು ಆ 1928ರಲ್ಲಿಯೇ. ಒಂದೇ ಲಾರಿಯನ್ನು ಡಾಡ್ಜ್, ಫಾರ್ಗೋ, ಡಿಸೋಟೋ ಎಂದು ಬೇರೆ ಬೇರೆ ಹೆಸರಿನಲ್ಲಿ ಬೇರೆ ಬೇರೆ ಮಾರಾಟಗಾರರಿಗೆ ಒಪ್ಪಿಸುವ ಪದ್ಧತಿಯೂ ಹಾಗೆಯೇ ಬೆಳೆಯಿತು.

ಇನ್ನು ನಮ್ಮ ನಾಡಿನ ಮಾತು. ಹೇಳುವಾಗ ಇಂದಿಗೂ ಮನಸ್ಸು ಭಾರವಾಗುವ ಮಾತು. ಎಪ್ಪತ್ತನ್ನು ದಾಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪನ್ನೂ ಅಮೆರಿಕವನ್ನೂ ಸುತ್ತಿ, ಡೆಟ್ರಾಯಿಟಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಭಾರತದಲ್ಲಿ ಕಾರುಗಳನ್ನೂ ಲಾರಿಗಳನ್ನೂ ತಯಾರಿಸುವ ಯೋಜನೆಯೊಂದನ್ನು ಅಂಕಿಅಂಶಗಳೊಡನೆ ಸಿದ್ಧಪಡಿಸಿದರು. ಸೊಲ್ಲಾಪುರದ ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡು, ತಾವೂ ಅಮೆರಿಕಕ್ಕೆ ಹೋಗಿ, ಡಾಡ್ಜ್ ಹೆಸರಿನ ಒಡೆಯರಾದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದವನ್ನು ಕುದುರಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಆಡಳಿತದಲ್ಲಿದ್ದ ಮೈಸೂರು ಸರಕಾರ ಬೆಂಗಳೂರಿನಲ್ಲಿ ಆ ಕಾರ್ಖಾನೆಗೆ ನೆರವಾಗಲು ಮನಸ್ಸು ಮಾಡಿತ್ತು. ಬ್ರಿಟಿಷ್ ಭಾರತ ಸರಕಾರ ಅದಕ್ಕೆ ಸಮ್ಮತಿಸಲಿಲ್ಲ. ಯುದ್ಧದ ಕಾಲದಲ್ಲಿ ಡಾಲರುಗಳನ್ನು ಇದಕ್ಕೆ ಕೊಡಲಾಗದೆಂದಿತು. ಸಂಸ್ಥಾನ ಹಿಂದೆ ಸರಿಯಬೇಕಾಯಿತು. ವಾಲ್‌ಚಂದರು ಅಮೆರಿಕದಿಂದ ಹಿಂದಿರುಗುವಾಗ ಪರಿಚಯವಾದ ಪಾಲಿ ಎಂಬ ವಿಮಾನೋದ್ಯಮಿಯ ಸಹಾಯದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ನೆಲೆಗೊಂಡಿತೆಂಬುದು ಸಂತೋಷದ ಸಂಗತಿಯೇ. ಆದರೂ, ಬೆಂಗಳೂರಿನಿಂದ ತಿಪಟೂರಿಗೆ ಒಂದು ಹಗಲಿನ ಹಾದಿ ಮಾತ್ರವಿರುವಾಗ, ನಮ್ಮ ಸೀಮೆಯ ಹುಡುಗರು ಫೌಂಡ್ರಿಯಲ್ಲಿಯೂ ಲೇತಿನ ಮುಂದೆಯೂ ನಿಂತು ಡಾಡ್ಜ್ ಲಾರಿಯ ಇಂಜಿನನ್ನು ಎರಕ ಹೊಯ್ಯುತ್ತಿದ್ದ ದಿನಗಳನ್ನು ಕಾಣಬಹುದಾಗಿತ್ತಲ್ಲ ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ವಾಲ್‌ಚಂದರು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ, ಸ್ವಾತಂತ್ರ್ಯ ಬಂದ 1947ರಲ್ಲಿಯೇ, ಅಲ್ಲಿ ಜೋಡಿಸಿದ ಡಾಡ್ಜ್ ವಾಹನಗಳು ಹೊರಬಂದುವು. ಫೋರ್ಡ್ ಕಂಪನಿಯೂ ಷೆವ್ರೊಲೆ ಕಾರುಗಳ ಜನರಲ್ ಮೋಟಾರ್ಸ್ ಕಂಪನಿಯೂ ಅದಕ್ಕೆ ಎಷ್ಟೋ ಮೊದಲೇ, 1920ರ ದಶಕದಲ್ಲಿಯೇ ಇಲ್ಲಿಗೆ ಬಂದು, ಹೊರಗಿನಿಂದ ತಂದ ಭಾಗಗಳನ್ನು ಜೋಡಿಸಿ ಮಾರುತ್ತಿದ್ದುವು. ಬರಿದೇ ಜೋಡಿಸುವುದು ಸಾಲದು, ಭಾಗಗಳನ್ನು ಕ್ರಮಕ್ರಮವಾಗಿ ಈ ನೆಲದಲ್ಲಿಯೇ ತಯಾರಿಸಬೇಕೆಂಬ ಧೋರಣೆಯನ್ನು ಸ್ವತಂತ್ರ ಭಾರತದ ಸರಕಾರ ತಳೆದಾಗ, 1950ರ ದಶಕದ ನಡುಹೊತ್ತಿಗೆ ಆ ಎರಡೂ ಕಂಪನಿಗಳು ಹೊರಟುಹೋದುವು. ಡಾಡ್ಜ್ ಉಳಿಯಿತು. ಅದನ್ನು ಮಾಡುತ್ತಿದ್ದ ಕೈ ಇಲ್ಲಿಯದಾಗಿದ್ದುದರಿಂದ ಉಳಿಯಿತು.

ಅಮೆರಿಕದಲ್ಲಿ ಪೆಟ್ರೋಲು ಕುಡಿದು ಓಡುತ್ತಿದ್ದ ಲಾರಿ ಇಲ್ಲಿ ಇನ್ನೊಂದು ರೂಪಾಂತರವನ್ನೂ ಪಡೆಯಿತು. ಪೆಟ್ರೋಲಿನ ಬೆಲೆ ಬಾಡಿಗೆಯನ್ನೆಲ್ಲ ನುಂಗುತ್ತಿದ್ದುದರಿಂದ, ಮದರಾಸಿನ ಸಿಂಪ್ಸನ್ ಕಂಪನಿಯಲ್ಲಿ ತಯಾರಾಗುತ್ತಿದ್ದ ಪರ್ಕಿನ್ಸ್ ಡೀಸೆಲ್ ಇಂಜಿನನ್ನು ಅದಕ್ಕೆ ಕೂಡಿಸಿದರು. ಆರು ಸಿಲಿಂಡರಿನ ಆ ಇಂಜಿನನ್ನು ಡ್ರೈವರುಗಳು ಪಿ-ಸಿಕ್ಸ್ ಎಂದೇ ಕರೆಯುತ್ತಿದ್ದರು. ಅಮೆರಿಕದ ಮೈ, ಇಂಗ್ಲೆಂಡಿನ ಮೂಲದ ಹೃದಯ, ಕುರ್ಲಾ ಮತ್ತು ಮದರಾಸುಗಳ ಕೈಗೆಲಸ, ಮೇಲೆ ನಮ್ಮೂರ ಬಡಗಿ ಕಟ್ಟಿದ ಮರದ ಬಾಡಿ: ಹೀಗೆ ಕೂಡಿಬಂದ ಆ ವಾಹನವನ್ನು ನಾವು ಪರದೇಶದ್ದೆಂದು ಎಣಿಸಿದುದೇ ಇಲ್ಲ. ಉದ್ದನೆಯ ಮೂಗಿನಿಂದ ಮತ್ತೊಂದು ಸೌಕರ್ಯವೂ ಇತ್ತು. ಬಾನೆಟ್ಟಿನ ರೆಕ್ಕೆಯನ್ನು ಎತ್ತಿದರೆ ಇಂಜಿನಿನ ಪಕ್ಕಗಳೆಲ್ಲ ಕೈಗೆ ನಿಲುಕುತ್ತಿದ್ದುವು. ಹುಣಿಸೆಯ ಮರದಡಿ ಗೋಣಿತಟ್ಟನ್ನು ಹಾಸಿಕೊಂಡ ಮೇಸ್ತ್ರಿಯೊಬ್ಬ ನಾಲ್ಕು ಸ್ಪಾನರುಗಳಲ್ಲಿ ಅದನ್ನು ಬಿಚ್ಚಿ ಕಟ್ಟಬಲ್ಲವನಾಗಿದ್ದನು. ನೆಚ್ಚಿಕೆಯೆಂಬ ಡೆಟ್ರಾಯಿಟಿನ ಆ ಹಳೆಯ ಘೋಷಣೆಗೆ ನಮ್ಮ ಸೀಮೆಯಲ್ಲಿ ಸಿಕ್ಕ ಅರ್ಥ ಇದು. ಎಂದೂ ಕೆಡದ ಯಂತ್ರವನ್ನು ಯಾರೂ ಕಂಡಿರಲಿಲ್ಲ. ಕೆಟ್ಟಲ್ಲಿಯೇ ಸರಿಯಾಗುವ ಯಂತ್ರವನ್ನು ಕಂಡಿದ್ದರು, ಅದನ್ನು ನಂಬಿದರು.

ಮೀಟರ್ ಗೇಜಿನ ವ್ಯಾಗನ್ನುಗಳಲ್ಲಿ ಹೊರಟ ಸರಕನ್ನು ಉತ್ತರಕ್ಕೆ ಒಯ್ಯುವಾಗ ನಡುದಾರಿಯಲ್ಲಿ ಬ್ರಾಡ್ ಗೇಜಿಗೆ ಇಳಿಸಿ ಏರಿಸಬೇಕಾಗಿದ್ದುದರಿಂದ, ಉಂಡೆ ಒಡೆಯದಂತೆ ದೂರದ ಊರುಗಳನ್ನು ನೇರವಾಗಿ ಮುಟ್ಟುವ ಲಾರಿಗಳನ್ನು ವರ್ತಕರು ಕ್ರಮೇಣ ಮೆಚ್ಚಿದರು. ಆದರೆ ಆ ದೂರದ ಹಾದಿ ಡಾಡ್ಜಿನ ಪಾಲಿಗೆ ಹೆಚ್ಚು ಕಾಲ ಉಳಿಯಲಿಲ್ಲ. 1954ರಿಂದ ಜಮ್‌ಷೆಡ್‌ಪುರದಲ್ಲಿ ತಯಾರಾಗತೊಡಗಿದ ಟಾಟಾ ಮರ್ಸಿಡಿಸ್ ಲಾರಿಗಳು ಹೆದ್ದಾರಿಗಳನ್ನು ಒಂದೊಂದಾಗಿ ವಶಪಡಿಸಿಕೊಂಡುವು. 1970ರ ದಶಕದಲ್ಲಿ ಕುರ್ಲಾದ ಲಾರಿಗಳ ಮೂಗಿನ ಮೇಲಿಂದ ಡಾಡ್ಜ್, ಫಾರ್ಗೋ ಹೆಸರುಗಳು ಇಳಿದು ಪ್ರೀಮಿಯರ್ ಎಂಬ ಹೆಸರು ಮಾತ್ರ ಉಳಿಯಿತು. ಸಹೋದರರು ಕಟ್ಟಿಸಿದ್ದ ಡೆಟ್ರಾಯಿಟ್ ಬಳಿಯ ಹ್ಯಾಮ್‌ಟ್ರಾಮಿಕ್ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಅದರ ಕಟ್ಟಡಗಳನ್ನು ಕೆಡವಿದರು. ಅಮೆರಿಕದಲ್ಲಿ ಡಾಡ್ಜ್ ಹೆಸರಿನ ಕಾರುಗಳು ಇಂದಿಗೂ ಉಂಟು. ಹೊರೆ ಹೊರುವ ವಾಹನಗಳು ಮಾತ್ರ 2010ರ ಸುಮಾರಿಗೇ ಅದರಿಂದ ಬೇರ್ಪಟ್ಟು ರ‍್ಯಾಮ್ ಎಂಬ ಬೇರೆ ಹೆಸರನ್ನು ತಳೆದಿವೆ.

ನಮ್ಮ ಹಟ್ಟಿಯ ಮುಂದೆ ನಿಲ್ಲುತ್ತಿದ್ದ ಆ ಲಾರಿ ಮುದಿಯಾಗಿ ಗುಜರಿಗೆ ಹೋದಾಗ, ಅಜ್ಜ ಸಾಬರಿಂದ ಅದರ ಹಿಂದಿನ ಕಮಾನಿನ ಒಂದು ಪಟ್ಟಿಯನ್ನು ಕೇಳಿ ಇಸಕೊಂಡರು. ಕುಲುಮೆಯಲ್ಲಿ ಅದನ್ನು ಕಾಯಿಸಿ, ಬಡಿದು, ಹದ ಹಾಕಿ, ಕಮ್ಮಾರನು ಎರಡು ಮಚ್ಚುಗಳನ್ನು ಮಾಡಿಕೊಟ್ಟನು. ಒಂದು ಎಲ್ಲಿ ಹೋಯಿತೋ ಕಾಣೆ. ಇನ್ನೊಂದರ ಹಿಡಿಯನ್ನು ಮೂರು ಬಾರಿ ಬದಲಾಯಿಸಿದ್ದೇವೆ. ಅಲಗು ಸವೆದು ಕಿರಿದಾಗಿದೆ. ಪ್ರತಿ ವರ್ಷ ಅಟ್ಟದಿಂದ ಕಾಯಿ ಇಳಿಸಿದ ದಿನ ಕರಟ ಒಡೆಯಲು ಕೂರುವ ಆಳು ಬೇರೆ ಮಚ್ಚನ್ನು ಮುಟ್ಟದೆ ಅದನ್ನೇ ಹುಡುಕಿ ತೆಗೆದುಕೊಳ್ಳುತ್ತಾನೆ.