ಎರಡು ಪಟ್ಟಿಗಳು ಸಮವೆಂದರೇನು?

ಎರಡು ಲೆಡ್ಜರುಗಳ ಮೊತ್ತ ತಾಳೆಯಾದ ಮಾತ್ರಕ್ಕೆ ಅವುಗಳೊಳಗಿನ ನಮೂದುಗಳೂ ಸಮವೆಂದು ಹೇಳಲಾಗದು. ಒಬ್ಬರ ಖಾತೆಗೆ ನೂರು ರೂಪಾಯಿ ಹೆಚ್ಚಾಗಿ, ಇನ್ನೊಬ್ಬರ ಖಾತೆಗೆ ನೂರು ಕಡಿಮೆಯಾಗಿ ಬಿದ್ದಿದ್ದರೂ ಮೊತ್ತವು ನಗುನಗುತ್ತಲೇ ಕೂಡಿಬರುತ್ತದೆ. ಬ್ಯಾಂಕಿನವರಿಗೆ ಹಳೆಯದಾದ ಈ ತೊಡಕು ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವವರನ್ನೂ ಕಾಡುತ್ತದೆ. ಡೊಂಬಿವಲಿ, ನವಿ ಮುಂಬಯಿಗಳ ಅನೇಕ ಕನ್ನಡ ಮನೆಗಳಲ್ಲಿ ಮಕ್ಕಳು ಇದೇ ವಿದ್ಯೆಯನ್ನು ಕಲಿಯುತ್ತಿರುವುದರಿಂದ, ಹಿರಿಯರೂ ಇದನ್ನು ಅರಿತಿರುವುದು ಒಳ್ಳೆಯದು.

ಠಾಣೆ, ಡೊಂಬಿವಲಿ, ಕಲ್ಯಾಣ ಎಂದರೂ, ಕಲ್ಯಾಣ, ಡೊಂಬಿವಲಿ, ಠಾಣೆ ಎಂದರೂ ನಿಲ್ದಾಣಗಳು ಅವೇ ಮೂರು. ಆದರೆ ಬೆಳಿಗ್ಗೆ ಕಚೇರಿಗೆ ಹೊರಟು ಎದುರು ದಿಕ್ಕಿನ ಗಾಡಿ ಹತ್ತಿದವನು ಎರಡೂ ಒಂದೇ ಎಂದು ಒಪ್ಪಿಯಾನೆ? ಪೈಥಾನ್ ಎಂಬ ಗಣಕಭಾಷೆಯಲ್ಲಿ ‘ಲಿಸ್ಟ್’ ಎಂಬ ಸಂಗ್ರಹವು ಅನುಕ್ರಮವನ್ನು ಗಣಿಸುತ್ತದೆ. ಇವೆರಡೂ ಬೇರೆ ಎನ್ನುತ್ತದೆ. ‘ಸೆಟ್’ ಎಂಬುದು ಅನುಕ್ರಮವನ್ನು ಗಣಿಸದು, ಸಮವೆನ್ನುತ್ತದೆ.

ಅಪಾಯವಿರುವುದು ಸೆಟ್‌ನ ಮತ್ತೊಂದು ಸ್ವಭಾವದಲ್ಲಿ. ಒಂದೇ ವಸ್ತು ಎಷ್ಟು ಸಲ ಬಂದರೂ ಅದು ಒಮ್ಮೆ ಮಾತ್ರ ಎಣಿಸುತ್ತದೆ. ಆಸ್ಪತ್ರೆಯೊಂದು ಓ, ಓ, ಎ, ಬಿ ಗುಂಪುಗಳ ನಾಲ್ಕು ಚೀಲ ರಕ್ತ ಕೇಳಿತೆನ್ನೋಣ. ಬಂದದ್ದು ಓ, ಎ, ಎ, ಬಿ. ಎಣಿಕೆ ನಾಲ್ಕೇ. ಸೆಟ್‌ಗಳನ್ನು ಹೋಲಿಸಿದರೂ ‘ಸಮ’ ಎಂಬ ಉತ್ತರವೇ ಬರುತ್ತದೆ. ಆರ್‌ಎಚ್ ಅಂಶ ಹೊಂದುವುದಾದರೆ ಎ ಗುಂಪಿನ ರೋಗಿಗೆ ಓ ಗುಂಪಿನ ಕೆಂಪು ರಕ್ತಕಣಗಳನ್ನು ಕೊಡಬಹುದು. ಆದರೆ ಓ ಗುಂಪಿನ ರೋಗಿಗೆ ಎ ಗುಂಪಿನದನ್ನು ಕೊಡುವಂತಿಲ್ಲ, ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಎರಡನೆಯ ಓ ಗುಂಪಿನ ರೋಗಿಯ ಪಾಲಿಗೆ ಆ ‘ಸಮ’ ಎಂಬ ಉತ್ತರಕ್ಕೆ ಏನು ಬೆಲೆ? ಇಲ್ಲಿ ಬೇಕಾದುದು ಪ್ರತಿಯೊಂದು ಗುಂಪೂ ಎಷ್ಟೆಷ್ಟು ಬಂದಿದೆಯೆಂದು ಎಣಿಸಿ ಹೋಲಿಸುವ ‘ಕೌಂಟರ್’.

ಇನ್ನು ಶ್ರಮದ ಮಾತು. ಸಾವಿರ ಹೆಸರುಗಳ ಎರಡು ಪಟ್ಟಿಗಳಲ್ಲಿ ಒಂದೊಂದನ್ನೂ ಇನ್ನೊಂದರಲ್ಲಿ ಹುಡುಕುತ್ತ ಹೋದರೆ ಹತ್ತು ಲಕ್ಷದವರೆಗೆ ಹೋಲಿಕೆಗಳಾಗಬಹುದು. ಎರಡನ್ನೂ ಮೊದಲು ಅಕಾರಾದಿಯಾಗಿ ಜೋಡಿಸಿಕೊಂಡರೆ, ಬಳಿಕ ಸಾಲಿಗೆ ಸಾಲು ನೋಡಲು ಸಾವಿರ ಹೋಲಿಕೆಗಳು ಸಾಕು.

ಕನ್ನಡದ ಪಟ್ಟಿಗಳಲ್ಲಿ ಒಂದು ವಿಶೇಷ ತೊಡಕುಂಟು. ‘ಹೊನ್ನಾವರ’ದ ‘ಹೊ’ ಅಕ್ಷರವನ್ನೇ ತೆಗೆದುಕೊಳ್ಳಿ. ಯೂನಿಕೋಡ್ ವ್ಯವಸ್ಥೆಯಲ್ಲಿ ಅದರ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ ಮತ್ತು ಊಕಾರಗಳ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಠಾಣೆಯಲ್ಲಿ ಒಬ್ಬರು, ವಾಶಿಯಲ್ಲಿ ಇನ್ನೊಬ್ಬರು ಬೆರಳಚ್ಚಿಸಿದ ಸದಸ್ಯರ ಪಟ್ಟಿಗಳನ್ನು ಹೋಲಿಸುವಾಗ ಒಬ್ಬನೇ ಸದಸ್ಯನು ಇಬ್ಬರಾಗಿ ಕಾಣಿಸಿಕೊಳ್ಳುವುದು ಹೀಗೆ. ಆದುದರಿಂದ ‘ನಾರ್ಮಲೈಸೇಶನ್’ ಎಂಬ ಕ್ರಿಯೆಯಿಂದ ಎರಡು ಪಟ್ಟಿಗಳನ್ನೂ ಒಂದೇ ರೂಪಕ್ಕೆ ತಂದು, ಹೆಸರಿನ ಹಿಂದುಮುಂದಿನ ಖಾಲಿ ಜಾಗಗಳನ್ನು ತೆಗೆದು, ಅನಂತರವೇ ಎಣಿಕೆಗೆ ಕೈಹಾಕಬೇಕು.