ಹುಲಿಯಾಗಿ ಗೆದ್ದವರು ಕುರಿಯಾಗಿಯೂ ಆಡಲಿ

ಶ್ರಾವಣ ಬಂತೆಂದರೆ ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸೀಮೆಯಲ್ಲಿ ಪಂಚಮಿ ಹಬ್ಬದ ಸಡಗರ. ಜೋಕಾಲಿ, ಉಂಡಿಗಳ ಜೊತೆಗೆ ಪಗಡೆ ಹಾಸಿ ಕೂಡುವುದೂ ಉತ್ತರ ಕರ್ನಾಟಕದ ಹಳೆಯ ರೂಢಿ. ಆದರೆ ಪಗಡೆ ಬಲ್ಲವರು ಪಗಡೆಯನ್ನೇ ಆಡುತ್ತಾರೆ, ಚೌಕಾಬಾರ ಬಲ್ಲವರು ಚೌಕಾಬಾರವನ್ನೇ. ಗೊತ್ತಿರುವ ಆಟ ಬಿಟ್ಟು ಮತ್ತೊಂದಕ್ಕೆ ಏಕೆ ಕೈಹಾಕಬೇಕು? ಉತ್ತರ ಆಟಗಳ ನಿಯಮದಲ್ಲೇ ಇದೆ.

ಕೆಲವೆಡೆ ಕಟ್ಟೆಮನೆ ಎಂದು ಕರೆಯುವ ಚೌಕಾಬಾರಕ್ಕೆ 25 ಮನೆ, 4 ಕವಡೆ. ಎಲ್ಲವೂ ಅಂಗಾತ ಬಿದ್ದರೆ ಚೌಕ, ಅಂದರೆ 4. ಎಲ್ಲವೂ ಬೋರಲಾದರೆ ಬಾರ, ಅಂದರೆ 8. ಗರ ಕವಡೆಯ ಕೈಯಲ್ಲಿ. ಯಾವ ಕಾಯಿ ನಡೆಸಬೇಕೆಂಬ ವಿವೇಕ ಮಾತ್ರ ನಮ್ಮದು. ಬಂದದ್ದರಲ್ಲಿ ಬಾಳುವುದನ್ನು ಇದು ಕಲಿಸುತ್ತದೆ.

ಅಳಗುಳಿ ಮಣೆಯಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಎರಡು ಸಾಲು, ಸಾಲಿಗೆ 7 ಕುಣಿ, ಒಂದಷ್ಟು ಹುಣಸೆ ಬೀಜ. ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಎಣಿಕೆ ತಪ್ಪಿದರೆ ದೂರಲು ಕವಡೆಯಿಲ್ಲ.

ಹುಲಿ-ಕುರಿ ಆಟದ ರೀತಿಯೇ ಬೇರೆ. ಒಬ್ಬರಿಗೆ 3 ಹುಲಿ, ಇನ್ನೊಬ್ಬರಿಗೆ 15 ಕುರಿ. ಹುಲಿ ಕುರಿಯನ್ನು ಜಿಗಿದು ತಿನ್ನುತ್ತದೆ. ಕುರಿಗೆ ತಿನ್ನುವ ಶಕ್ತಿಯಿಲ್ಲ. ಹಿಂದಿನ ಮನೆ ಖಾಲಿ ಬಿಡದೆ, ಒಂದಕ್ಕೊಂದು ಒತ್ತಾಗಿ ನಿಂತು ಹುಲಿಯ ದಾರಿ ಕಟ್ಟಬೇಕು. ಸದಾ ಹುಲಿಯಾಗಿಯೇ ಆಡಿದವನಿಗೆ ಕುರಿಗಳ ಈ ಒಗ್ಗಟ್ಟಿನ ಕಷ್ಟ ತಿಳಿಯುವುದೇ ಇಲ್ಲ.

ಹೊರನಾಡಿನ ಆಟಗಾರರಿಗೂ ಈ ಮಾತು ಸಲ್ಲುತ್ತದೆ. ಮೇಜಿನ ಸುತ್ತ ಕುಳಿತು, ತಲೆಗೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ 1974ರಲ್ಲಿ ಅಮೆರಿಕದಲ್ಲಿ ಬಂತು. ಅಲ್ಲಿ ವೀರರ ಸಾಹಸವೇ ಪ್ರಧಾನ. 1981ರಲ್ಲಿ ಬಂದ ‘ಕಾಲ್ ಆಫ್ ಕಥುಲು’ ಆಟದಲ್ಲಾದರೋ ಪಾತ್ರದ ಮನಸ್ಥೈರ್ಯಕ್ಕೂ ಅಂಕಿ. ಭಯ ಕಂಡಷ್ಟೂ ಅದು ಕರಗುತ್ತದೆ. ನಿಯಮ ಬದಲಾದರೆ ಆಡುವವನ ಮನಸ್ಸೂ ಬದಲಾಗುತ್ತದೆ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಈ ಸೀಮೆಯನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ, 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳಿಗೆ ಬೇರೆ ಬೇರೆ ಸ್ಥಾನ ಕೊಟ್ಟಿದ್ದಾನೆ. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಬರೆದನೆಂದು ಪ್ರತೀತಿಯಿರುವ ಭಾರತದಲ್ಲಿ, ಧರ್ಮರಾಯ ಪಗಡೆಗೆ ಕುಳಿತು ರಾಜ್ಯ, ತಮ್ಮಂದಿರು, ದ್ರೌಪದಿಯನ್ನೂ ಸೋತ. ತನ್ನ ಮುಂದಿನ ಗರದ ಮೇಲೇ ಕಣ್ಣಿಟ್ಟವನಿಗೆ ಹಾಸಿನ ಆಚೆ ಕುಳಿತ ಶಕುನಿಯ ಲೆಕ್ಕ ಕಾಣಲಿಲ್ಲ.

ಕಲ್ಲಿನ ಮೇಲಿನ ಗೆರೆ ಉಳಿದೀತು. ಆಡುವ ಕ್ರಮ ಮಾತ್ರ ಅಜ್ಜಿಯ ಬಾಯಿಂದ ಮೊಮ್ಮಕ್ಕಳಿಗೆ ಬರಬೇಕು. ಒಂದು ತಲೆಮಾರು ಕೇಳದಿದ್ದರೆ ಅಲ್ಲಿಗೇ ಮುಗಿಯಿತು. ಬರುವ ಪಂಚಮಿಗೆ ಗೊತ್ತಿಲ್ಲದ ಒಂದು ಆಟ ಕೇಳಿ ಕಲಿಯೋಣ. ಹುಲಿ-ಕುರಿ ಗೊತ್ತಿದ್ದವರು ಮಗ್ಗುಲು ಬದಲಿಸಿ ಕೂಡಲಿ.